ಕಾಣೆಯಾದ ಎರಡನೆಯ ಸಾಲು

ಕೆಳಸುರಪುರ
ಮೇ 38, 2214

ಹೆಸರು ಗೊತ್ತಿಲ್ಲದವರಿಗೆ ನಮಸ್ಕಾರ.

ತಾರೀಖು ತಪ್ಪಿದೆಯೆಂದು ಕಾಗದವನ್ನು ಪಕ್ಕಕ್ಕಿಡಬೇಡಿ. ಬಿಸಿಲು ಇಳಿಯುವವರೆಗೆ ಮೇ ತಿಂಗಳು ಮುಗಿಯಿತೆಂದು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಅದಕ್ಕೆ ಐವತ್ತು ದಿನಗಳಾದ ವರ್ಷವೂ ಉಂಟು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ನುಡಿಯನ್ನು ನಾನು ಓದಿ ಕಲಿತವಳು, ಆಡಿ ಕಲಿತವಳಲ್ಲ. ನನ್ನ ಹೆಸರು ಹಂಪಮ್ಮ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿನ ಗಾಳಿಮನೆ ನನ್ನ ಸುಪರ್ದಿನಲ್ಲಿದೆ.

ನಾವು ಮುನ್ನೂರ ನಲವತ್ತು ಜನ ಬಂಡೆ ಕೊರೆದು ಮಾಡಿದ ಆರು ಓಣಿಗಳಲ್ಲಿ, ನೆಲದ ಕೆಳಗೆ ಬದುಕುತ್ತೇವೆ. ನಸುಕಿನಲ್ಲಿ ಮೇಲೆ ಹೋಗಿ ಸಜ್ಜೆ, ತೊಗರಿ ನೋಡಿಕೊಂಡು ಎಂಟು ಗಂಟೆಯೊಳಗೆ ಇಳಿದುಬಿಡಬೇಕು. ಆಮೇಲೆ ಮೇಲೆ ನಿಂತವರ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಕೆಳಗೆ ಪ್ರತಿ ಬಾಗಿಲಿಗೂ ಒಂದು ಒದ್ದೆ ಗೋಣಿ ತೂಗುತ್ತದೆ. ಓಣಿಯಲ್ಲಿ ಜೋರಾಗಿ ಮಾತಾಡಿದರೆ ಆರನೆಯ ಓಣಿಯವರೆಗೂ ಕೇಳಿಸುವುದರಿಂದ ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ಹೀಗಾಗಿ ಯಾರು ಯಾರ ಬಗ್ಗೆ ಏನು ಹೇಳುತ್ತಿದ್ದಾರೆ ಎಂಬ ಗುಮಾನಿ ಯಾರನ್ನೂ ಬಿಡುವುದಿಲ್ಲ.

ನಮ್ಮ ಗಾಳಿಯನ್ನು ನಡೆಸುವುದು ಒಂದೇ ಕಂಪ್ಯೂಟರು. ಅದರೊಳಗೆ ಎರಡು ನಡೆಗಳಿವೆ. ನೀವು ಆಪರೇಟಿಂಗ್ ಸಿಸ್ಟಮ್ ಎನ್ನುತ್ತಿದ್ದುದನ್ನೇ ನಾವು ನಡೆ ಎನ್ನುತ್ತೇವೆ. ಹೊಸ ನಡೆ ದೀಪ, ನೀರು, ದಿನದ ಕೆಲಸ ನೋಡಿಕೊಳ್ಳುತ್ತದೆ. ಪಡುವಣ ಗಾಳಿಬಾಯಿಗಳ ಮುದಿ ಮೋಟಾರುಗಳು ಮಾತ್ರ ಹಳೆಯ ನಡೆಯ ಮಾತನ್ನಷ್ಟೇ ಕೇಳುತ್ತವೆ. ಉರಿಗಾಲ ಶುರುವಾದಾಗ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸುತ್ತೇವೆ. ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಎರಡನೆಯದನ್ನು ಒತ್ತಿದರೆ ಹಳೆಯ ನಡೆ ಏಳುತ್ತದೆ. ಆಮೇಲೆ ಬಿಸಿಲು ಇಳಿಯುವವರೆಗೆ ಹಗಲು ಹಳೆಯ ನಡೆ, ರಾತ್ರಿ ಹೊಸದು. ಆ ಎರಡು ಸಾಲಿನ ಪಟ್ಟಿಗೆ ಎಚ್ಚರಪಟ್ಟಿ ಎಂದು ಹೆಸರು.

ಈ ವರ್ಷ ಮೇ 26ರಂದು ಪಟ್ಟಿಯೇ ಬರಲಿಲ್ಲ. ಯಂತ್ರ ನೇರವಾಗಿ ಹೊಸ ನಡೆಗೆ ಹೋಯಿತು. ಮೂರು ಸಲ ಆರಿಸಿ ಎಬ್ಬಿಸಿದೆ, ಮೂರು ಸಲವೂ ಹಾಗೆಯೇ.

ಓಣಿಗಳ ಹಿರಿಯ ಅಮರಪ್ಪ ಬಂದು ನೋಡಿದ. "ಹಂಪವ್ವ, ಇದು ತಾನಾಗೇ ಹೋಗಾದಲ್ಲ. ಯಾರೋ ತೆಗ್ದಾರ."

"ಯಾರಂತ ಬಾಯಿಬಿಟ್ಟು ಹೇಳಬೇಕೇನು?" ಎಂದೆ ನಾನು.

ಅದಕ್ಕೆ ಹದಿನೈದು ದಿನಗಳ ಮೊದಲು ಹೊಸ ನಡೆಗೆ ಅಪ್‌ಡೇಟ್ ಹಾಕಿದವಳು ಲೋಲಾಕ್ಷಿ. ಕಡಲು ಊರನ್ನು ನುಂಗಿದ ಮೇಲೆ ಕರಾವಳಿಯಿಂದ ನಾಲ್ಕು ವರ್ಷದ ಕೆಳಗೆ ನಮ್ಮಲ್ಲಿಗೆ ಬಂದವಳು. ಯಂತ್ರದ ಕೆಲಸ ಬಲ್ಲವಳೆಂದು ಇರಗೊಟ್ಟೆವು. ಆದರೆ ಅವಳು ಗಾಳಿಮನೆಗೆ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಅವಳ ಚೀಲ ಬಿಚ್ಚಿಸಿ ನೋಡುತ್ತಿದ್ದೆ. ಬೇರೆ ಯಾರ ಚೀಲವನ್ನೂ ನಾನು ಬಿಚ್ಚಿಸಿದ್ದಿಲ್ಲ.

"ನಾನು ಎಂತಕ್ಕೆ ಅಳಿಸ್ಲಿ? ನಾನು ಉಸಿರಾಡುದೂ ಇದೇ ಗಾಳಿ ಅಲ್ವಾ?" ಎಂದಳು ಲೋಲಾಕ್ಷಿ.

ನಮ್ಮಲ್ಲಿ ಎಬ್ಬಿಸುಕಡ್ಡಿ ಎಂಬ ಬೆರಳುದ್ದದ ಒಂದು ಕಡ್ಡಿ ಉಂಟು, ಅದರಲ್ಲಿ ಪುಟ್ಟದೊಂದು ಮೂರನೆಯ ನಡೆ ಇರುತ್ತದೆ. ಅದನ್ನು ಯಂತ್ರಕ್ಕೆ ಚುಚ್ಚಿ, ಎರಡೂ ನಡೆಗಳಿರುವ ಡಿಸ್ಕ್ ತೆರೆಯಲು ನೋಡಿದೆ. ‘ಬಳಕೆಯಲ್ಲಿದೆ, ತೆರೆಯಲಾಗದು’ ಎಂದು ಬಂತು. ಆರಿಸಿದ ಯಂತ್ರವನ್ನು ಯಾರು ಬಳಸುತ್ತಿದ್ದಾರು? ಲೋಲಾಕ್ಷಿಯೇ ಅದಕ್ಕೆ ಬೀಗ ಹಾಕಿದ್ದಾಳೆ ಎನ್ನಲು ನಮಗೆ ಅಷ್ಟೇ ಸಾಕ್ಷಿ ಸಾಕಾಯಿತು. ಅಮರಪ್ಪ ಅವಳನ್ನು ಮೇಲ್ಬಾಗಿಲ ಕೋಣೆಗೆ ಹಾಕಿಸಿದ. ಹಗಲು ಹೊತ್ತು ಅಲ್ಲಿ ನಾವು ಕುರಿಯನ್ನೂ ಕಟ್ಟುವುದಿಲ್ಲ. ಬೀಗ ಹಾಕಿದವಳು ನಾನೇ.

ಗಾಳಿಬಾಯಿಗಳನ್ನು ಪಾಳಿಯ ಮೇಲೆ ಕೈಯಿಂದ ತಿರುಗಿಸತೊಡಗಿದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆರನೆಯ ಓಣಿಯ ಸಂಗವ್ವಜ್ಜಿ ಉಸಿರು ಸಿಗದೆ ಬಿದ್ದಳು. ನಾನು ಹೊಸ ನಡೆಯಲ್ಲಿ ಉಳಿದಿದ್ದ ನಿಮ್ಮ ಕಾಲದ ಇಂಟರ್ನೆಟ್ ಪುಟಗಳನ್ನು ಕೆದಕುತ್ತ ಕುಳಿತೆ. ಅಲ್ಲಿ ನೀವು ಸಿಕ್ಕಿರಿ.

ನೆನಪಿದೆಯೆ? ನಿಮ್ಮ ಕಂಪ್ಯೂಟರಿನಲ್ಲಿ ಎರಡು ಸಿಸ್ಟಮ್ ಇದ್ದವು, ಅಪ್‌ಡೇಟ್ ಆದ ಮೇಲೆ ಒಂದು ಕಾಣುತ್ತಿಲ್ಲವೆಂದು ಕೇಳಿದ್ದಿರಿ. ಹನ್ನೊಂದು ಜನ ಉತ್ತರ ಕೊಟ್ಟಿದ್ದರು. ಒಬ್ಬರ ಮಾತು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಿ ಎಂದೂ ಒಬ್ಬ ಹೇಳಿದ್ದ. ಕೊನೆಯ ಸಾಲು ನಿಮ್ಮದು: ‘ಸರಿಯಾಯ್ತು, ಥ್ಯಾಂಕ್ಸ್.’ ಅದರ ಕೆಳಗೆ ಏನೂ ಇಲ್ಲ. ಹೇಗೆ ಸರಿಯಾಯಿತು? ಯಾಕೆ ಮುಚ್ಚಿಟ್ಟಿರಿ? ಇನ್ನೂರು ವರ್ಷದ ಹಿಂದಿನ ನಿಮ್ಮ ಮೇಲೂ ನನಗೆ ಸಂಶಯ ಬಂತು.

ಬೇರೆ ದಾರಿ ಕಾಣದೆ ಲೋಲಾಕ್ಷಿಯನ್ನು ಕೆಳಗಿಳಿಸಿದೆವು. ತುಟಿ ಬಿರಿದು ರಕ್ತ ಒಣಗಿತ್ತು. ನೀರು ಕುಡಿದು ನಿಮ್ಮ ಪುಟ ಓದಿದಳು.

"ಇವರು ಎಂತದೂ ಮುಚ್ಚಿಟ್ಟದ್ದಲ್ಲ. ಖುಷಿಯಲ್ಲಿ ಎದ್ದು ಹೋದದ್ದು, ಅಷ್ಟೆ."

"ಮತ್ತ ಡಿಸ್ಕಿಗೆ ಬೀಗ ಹಾಕಿದವರು ಯಾರು?" ಎಂದೆ.

"ಹೊಸ ನಡೆಯೇ. ನೀವು ಆರಿಸಿದ್ರೆ ಅದು ಪೂರ್ತಿ ಆರುದಿಲ್ಲ, ತೂಕಡಿಸ್ತದೆ. ಬೇಗ ಏಳ್ಲಿಕ್ಕೆ ಅಂತ ಡಿಸ್ಕನ್ನು ಹಿಡಕೊಂಡೇ ಮಲಗ್ತದೆ."

ಮೊದಲು ಅದನ್ನು ಪೂರ್ತಿ ಆರಿಸಿದಳು. ಕಡ್ಡಿಯಿಂದ ಎಬ್ಬಿಸಿದಾಗ ಡಿಸ್ಕ್ ತೆರೆದುಕೊಂಡಿತು. ಹಳೆಯ ನಡೆ ಇದ್ದಲ್ಲಿಯೇ ಇತ್ತು, ಒಂದಕ್ಷರವೂ ಅಳಿದಿರಲಿಲ್ಲ. ಅಪ್‌ಡೇಟ್ ಎಚ್ಚರಪಟ್ಟಿಯನ್ನು ಪಕ್ಕಕ್ಕೆ ತಳ್ಳಿ ತಾನೇ ಮುಂದೆ ನಿಂತಿತ್ತು. ಯಾರೂ ಏನೂ ತೆಗೆದಿರಲಿಲ್ಲ. ಅವಳು ನಾಲ್ಕೈದು ಸಾಲು ಬರೆದು ಪಟ್ಟಿಯನ್ನು ಮತ್ತೆ ಕಟ್ಟಿದಳು. ಅಷ್ಟು ಹೊತ್ತೂ ನಾನು ಅವಳ ಭುಜಕ್ಕೆ ಅಂಟಿಕೊಂಡೇ ನಿಂತಿದ್ದೆ.

ಎಬ್ಬಿಸಿದಾಗ ಎರಡು ಸಾಲು ಬಂದವು. ಪಡುವಣ ಗಾಳಿಬಾಯಿಗಳು ನರಳುತ್ತ ತೆರೆದವು. ಓಣಿಯ ಗೋಣಿಗಳು ಒಂದರ ಹಿಂದೊಂದು ಅಲ್ಲಾಡಿದವು. ಸಂಗವ್ವಜ್ಜಿ ಸಂಜೆಗೆ ಎದ್ದು ಕುಳಿತಳು. ಅಮರಪ್ಪ ಯಾರ ಮುಖವನ್ನೂ ನೋಡದೆ ಹೊರಟುಹೋದ. "ತಪ್ಪಾತವ್ವ," ಎಂದೆ ನಾನು. ಹೊರಡುವಾಗ ಲೋಲಾಕ್ಷಿ, ನಾನು ಕೇಳದಿದ್ದರೂ, ಚೀಲ ಬಿಚ್ಚಿ ನನ್ನ ಮುಂದೆ ಹಿಡಿದಳು.

ಮೂರನೆಯ ದಿನ ನಸುಕಿನಲ್ಲಿ ಬೀದರಿನ ಕಡೆ ಹೊರಟ ಉಪ್ಪಿನ ಬಂಡಿಗಳ ಜೊತೆ ಅವಳು ನಮ್ಮನ್ನು ಬಿಟ್ಟು ಹೊರಟಳು. ನಾನು ಪೆನ್ಸಿಲ್ ಹಿಡಿದು ಓಡಿದೆ. "ಆ ದಿನ ಬರೆದ ಸಾಲು ಯಾವವು, ಹೇಳವ್ವ."

ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಪಕ್ಕದಲ್ಲೇ ನಿಂತು ನೋಡ್ತಾ ಇದ್ರಲ್ಲ ನೀವು?"

ನೋಡುತ್ತಿದ್ದೆ. ಅವಳ ಕೈಗಳನ್ನು ನೋಡುತ್ತಿದ್ದೆ. ಅವು ಚೀಲದ ಕಡೆ ಹೋದಾವೇ, ಏನಾದರೂ ಕದ್ದಾವೇ ಎಂದು. ಬರೆದದ್ದನ್ನು ನಾನು ಓದಿರಲೇ ಇಲ್ಲ. ಅದನ್ನು ಅವಳ ಮುಖಕ್ಕೆ ಹೇಗೆ ಹೇಳಲಿ? "ಹೌದು, ನೋಡೀನಿ," ಎಂದುಬಿಟ್ಟೆ. "ಹಾಗಾದ್ರೆ ಸರಿ," ಎಂದು ಬಂಡಿ ಹತ್ತಿದಳು.

ಗಾಳಿಮನೆಯ ಗೋಡೆಯ ಮೇಲೆ ಈಗ ಬರೆದಿಟ್ಟಿದ್ದೇನೆ: ಪೂರ್ತಿ ಆರಿಸುವುದು, ಕಡ್ಡಿಯಿಂದ ಎಬ್ಬಿಸುವುದು, ಡಿಸ್ಕ್ ತೆರೆಯುವುದು. ಅದರ ಕೆಳಗೆ, ಅವಳು ಬರೆದ ಸಾಲುಗಳಿರಬೇಕಾದಲ್ಲಿ, ಒಂದು ಗೇಣು ಖಾಲಿ. ಹೊಸ ನಡೆ ಇನ್ನೊಂದು ಅಪ್‌ಡೇಟ್ ಬೇಕೆಂದು ನಿನ್ನೆಯಿಂದ ಕೇಳುತ್ತಿದೆ. ನಾನು ನಾಳೆ ಎನ್ನುತ್ತಿದ್ದೇನೆ.

ಆದ್ದರಿಂದ ನಿಮ್ಮಲ್ಲಿ ಬೇಡುತ್ತೇನೆ. ಆ ಪುಟಕ್ಕೆ ಒಮ್ಮೆ ಹಿಂತಿರುಗಿ, ‘ಥ್ಯಾಂಕ್ಸ್’ ಕೆಳಗೆ ನೀವು ಮಾಡಿದ್ದನ್ನು ಬರೆದುಬಿಡಿ. ನೀವು ಬರೆದರೂ ಅದು ನಿಜವೇ ಎಂದು ನಾನು ಮೊದಲು ಅನುಮಾನಿಸುತ್ತೇನೆ. ಆ ಗುಣ ಇನ್ನೂ ಹೋಗಿಲ್ಲ. ಆದರೂ ಬರೆಯಿರಿ. ಈ ಸಲ ಓದುತ್ತೇನೆ.

ಹಂಪಮ್ಮ
ಗಾಳಿಮನೆ, ಕೆಳಸುರಪುರ