ಎಲೆಗೆ ಬಾರದ ಬಟಾಟೆ

೧೮ ನವೆಂಬರ್ ೧೯೬೧, ಶನಿವಾರ. ಸಿದ್ದಾಪುರ.

ಇವರ ಮೊದಲ ವರ್ಷದ ಶ್ರಾದ್ಧ ಮುಗಿಯಿತು. ಎಲೆ ತುಂಬ ಬಡಿಸಿದೆವು. ಇವರಿಗೆ ಬೇಕಾದದ್ದು ಮಾತ್ರ ಅದರಲ್ಲಿರಲಿಲ್ಲ.

ಇವರ ಇಷ್ಟದ ಬಟಾಟೆ ಎಲೆಗೆ ಬಡಿಸಲೇ ಎಂದು ಬೆಳಿಗ್ಗೆ ಅತ್ತೆಯನ್ನು ಕೇಳಿಯೇಬಿಟ್ಟೆ. "ಬಟಾಟೆ, ಮೆಣಸಿನಕಾಯಿ ಎಲ್ಲ ಪರದೇಶದ್ದು. ಶ್ರಾದ್ಧಕ್ಕೆ ಆಗ್ತಿಲ್ಲೆ ಕೂಸೆ" ಅಂದರು. ಹೌದು, ಪರದೇಶದ್ದೇ. ಭೂಗೋಳದ ಮಾಸ್ತರರಾಗಿದ್ದ ಇವರೇ ಅದನ್ನು ನನಗೆ ಹೇಳಿಕೊಟ್ಟದ್ದು. ಪೆರು ದೇಶದ ಅಡುಗೆಯೆಂದು ಎಲ್ಲೋ ಓದಿಕೊಂಡು ಬಂದು, ಬೇಯಿಸಿದ ಬಟಾಟೆಯ ಮೇಲೆ ಮೆಣಸಿನಕಾಯಿ, ಶೇಂಗಾ ಅರೆದು ಹಾಕಿಸುತ್ತಿದ್ದರು. "ಅಲ್ಲಿಯ ಘಟ್ಟದ ಹೆಂಗಸರೂ ಹಿಂಗೇ ಮಾಡ್ತ್ವಡ" ಎನ್ನುತ್ತ ಬೆರಳು ನೆಕ್ಕುತ್ತಿದ್ದರು.

ಭಟ್ಟರು, ನೆಂಟರು ಹೋದ ಮೇಲೆ ಸಿಟ್ಟಿನಿಂದಲೇ ಬಟಾಟೆ ಬೇಯಲಿಟ್ಟೆ. ಅತ್ತೆ ಒಳಗೆ ಬಂದರು. ಬೈಯಲಿ, ಇವತ್ತು ನಾನೂ ಸುಮ್ಮನಿರುವುದಿಲ್ಲ ಅಂದುಕೊಂಡೆ. ಬೈಯಲಿಲ್ಲ. ಒರಳಿನ ಮುಂದೆ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: "ಅವಂಗೆ ಮೆಣಸಿನಕಾಯಿ ಎಷ್ಟು ಹಾಕ್ತಿದ್ದೆ?"

ಹೇಳಲು ಬಾಯಿ ತೆರೆದೆ. ಎರಡೋ, ಐದೋ? ವಾರ ವಾರವೂ ಅರೆದ ಕೈ ಇದು. ನೆನಪಾಗಲಿಲ್ಲ. ಇನ್ನೂ ಒಂದೇ ವರ್ಷ, ಆಗಲೇ ಮರೆತೆನೇ?