ಬ್ಲಾಕಿನಲ್ಲಿ ಉಳಿದ ಚೂರು

೧೧ ಜನವರಿ ೧೯೮೩, ಮಧ್ಯಾಹ್ನ ೩

ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದ ಹದಿನಾಲ್ಕು ಸ್ಲೈಡ್ ಮುಗಿದವು. ಹದಿನೈದನೆಯದು ಗಂಗರತ್ನಮ್ಮ, ೩೮ ವರ್ಷ, ಬಳೇಪೇಟೆಯಲ್ಲಿ ಬಳೆ ಅಂಗಡಿ. ಮೂಗಿನ ಹಿಂದೆ, ತಲೆಬುರುಡೆಯ ಬುಡಕ್ಕೆ ಅಂಟಿದ ಗಡ್ಡೆಯಿಂದ ಪರೀಕ್ಷೆಗೆ ತೆಗೆದ ಚೂರು. ನೀಲಿ ಛಾಯೆಯ ಮೃದ್ವಸ್ಥಿ, ಶಾಂತವಾದ ಕೋಶಗಳು. ಕಾಂಡ್ರೋಮಾ — ಅಪಾಯವಿಲ್ಲದ್ದು. ವರದಿ ಬರೆದೆ.

ಸ್ಲೈಡಿಗಾಗಿ ತೆಳು ಪದರ ಕೊಯ್ಯುವ ದೊರೆಸ್ವಾಮಿಯವರು ಬಾಗಿಲಲ್ಲೇ ನಿಂತಿದ್ದರು. ಗಡ್ಡೆಯನ್ನು ಹುದುಗಿಸಿದ ಮೇಣದ ಬ್ಲಾಕಿನಲ್ಲಿ ಇನ್ನೂ ಚೂರು ಉಳಿದಿದೆಯಂತೆ. ಮೃದ್ವಸ್ಥಿಯ ಗಡ್ಡೆಯಾದರೆ ಆಳಕ್ಕೆ ಕೊಯ್ದು ನೋಡುವುದು ಇಲ್ಲಿನ ವಾಡಿಕೆಯಂತೆ. ಎಂಟನೆಯ ತರಗತಿ ಓದಿದವರಿಂದ ನನಗೆ ಪಾಠ... ಅಗತ್ಯವಿಲ್ಲ ಎಂದೆ.

ಪ್ರೊಫೆಸರ್ ಚಕ್ರಪಾಣಿಯವರು ಸಹಿ ಹಾಕಿದರು. ನಾನು ಬರೆದದ್ದನ್ನು ಅವರು ಓದುವುದೇ ಇಲ್ಲ. ಎಂ.ಬಿ.ಬಿ.ಎಸ್.ನಂತೆ ಎಂ.ಡಿ.ಯಲ್ಲೂ ಮೊದಲ ಸ್ಥಾನ ನನ್ನದೇ ಆಗುತ್ತದೆ ಎಂದು ಬಲ್ಲರು.

೧೨ ಜನವರಿ

ಗಂಗರತ್ನಮ್ಮ ವರದಿಗಾಗಿ ತಾವೇ ಬಂದಿದ್ದರು. ಸರ್ಜನ್ ಹೇಳಬೇಕಾದದ್ದು, ನಾನೇ ಹೇಳಿಬಿಟ್ಟೆ — ಕ್ಯಾನ್ಸರ್ ಅಲ್ಲ. ಕೈ ಹಿಡಿದುಕೊಂಡರು. "ಎರಡು-ನಾಲ್ಕು ಸೈಜು ಬಳೆ ನಿಮ್ದು. ಖಾಲಿ ಕೈ ಬಿಟ್ಕೊಂಡಿದೀರಲ್ಲ ಮೇಡಂ, ಹೇಳೋರಿಲ್ವಾ ಯಾರೂ?"

ಈ ಊರಿಗೆ ಬಂದ ಮೇಲೆ ನನ್ನ ಕೈಯನ್ನು ಯಾರಾದರೂ ಹಿಡಿದದ್ದು ಅದೇ ಮೊದಲು.

೨೦ ಮಾರ್ಚ್, ಭಾನುವಾರ

ಸಹಪಾಠಿಗಳು ಲಾಲ್‌ಬಾಗಿಗೆ ಹೋದರು. ಗೋಲ್ಡ್ ಮೆಡಲ್ ಎಂದು ಅವರು ಕರೆಯುವ ನನಗೆ ರಜೆ ಬೇಡವಂತೆ, ಕರೆಯಲಿಲ್ಲ. ಚಾಮರಾಜಪೇಟೆಯ ಈ ಕೋಣೆಯಲ್ಲಿ ದಿನವಿಡೀ ಓದಿದೆ. ಒಂದು ಮಾತನ್ನೂ ಆಡಲಿಲ್ಲ.

೪ ನವೆಂಬರ್

ಗಂಗರತ್ನಮ್ಮ ಅಡ್ಮಿಟ್ ಆಗಿದ್ದಾರೆ. ಎಡಗಣ್ಣು ಹೊರಕ್ಕೆ ತಿರುಗದು. ಒಂದು ಬಳೆ ಎರಡಾಗಿ ಕಾಣುತ್ತದೆ. ಗಡ್ಡೆಯನ್ನು ಪೂರ್ತಿ ತೆಗೆಯೋಣವೆಂದು ಸರ್ಜನ್ ಜನವರಿಯಲ್ಲೇ ಹೇಳಿದ್ದರಂತೆ. ಇವರು ಒಪ್ಪಲಿಲ್ಲ — ಲ್ಯಾಬಿನ ಡಾಕ್ಟರಮ್ಮನೇ ಭಯವಿಲ್ಲ ಎಂದಿದ್ದಾರೆಂದು.

೫ ನವೆಂಬರ್

ದೊರೆಸ್ವಾಮಿಯವರು ಹಳೆಯ ಬ್ಲಾಕನ್ನು ಹುಡುಕಿ, ಆಳಕ್ಕೆ ಕೊಯ್ದು, ಮೇಜಿನ ಮೇಲೆ ಇಟ್ಟುಹೋದರು. ಒಂದೊಂದು ಕೋಶದ ಗೂಡಿನಲ್ಲೂ ಎರಡೆರಡು ನ್ಯೂಕ್ಲಿಯಸ್. ಮೂಳೆಯೊಳಕ್ಕೆ ನುಗ್ಗಿದೆ. ಕಾಂಡ್ರೋಸಾರ್ಕೋಮಾ — ಕ್ಯಾನ್ಸರ್. ಜನವರಿಯಲ್ಲೂ ಇತ್ತು, ನಾನು ನೋಡಿದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ.

ಪ್ರೊಫೆಸರ್ ನೋಡಿದರು. ಬಹಳ ಹೊತ್ತು ಕನ್ನಡಕ ಒರೆಸಿದರು. "ಗಡ್ಡೆ ಸ್ವಭಾವ ಬದಲಾಯಿಸ್ತು ಅಂತ ಬರಿಯಮ್ಮ. ಯಾರೂ ಕೇಳಲ್ಲ. ಏಪ್ರಿಲ್‌ನಲ್ಲಿ ನಿನ್ನ ಪರೀಕ್ಷೆ ಇದೆ."

ವರದಿಯಲ್ಲಿ ಕ್ಯಾನ್ಸರ್ ಎಂದಷ್ಟೇ ಬರೆದೆ; ಅವರು ಹೇಳಿದ್ದನ್ನು ಬರೆಯಲಿಲ್ಲ. ನನ್ನ ತಪ್ಪನ್ನೂ ಬರೆಯಲಿಲ್ಲ.

೯ ನವೆಂಬರ್, ಬೆಳಿಗ್ಗೆ ೭

ಶುಕ್ರವಾರ ಆಪರೇಷನ್. ಮೂಗಿನ ಪಕ್ಕದಲ್ಲಿ ಮುಖ ತೆರೆದು, ತೆಗೆಯಬಹುದಾದಷ್ಟು. ಬುಡದಲ್ಲಿ ನರಗಳು, ಮಿದುಳಿಗೆ ಹೋಗುವ ರಕ್ತನಾಳ. ಉಳಿದುದಕ್ಕೆ ಕೋಬಾಲ್ಟ್ ಕಿರಣದ ಚಿಕಿತ್ಸೆ. ಈ ಜಾತಿಯ ಗಡ್ಡೆ ಅದಕ್ಕೆ ಸುಲಭವಾಗಿ ಮಣಿಯದು. ಜನವರಿಯಲ್ಲೇ ಆಗಿದ್ದರೆ ಕಣ್ಣು...

ಸಂಜೆ ೫

ವಾರ್ಡಿಗೆ ಹೋದೆ. ಕೂತ್ಕೊಳ್ಳಿ ಎಂದರು ಗಂಗರತ್ನಮ್ಮ. ನಿಂತೇ ಹೇಳಿದೆ. ಗಡ್ಡೆ ಬದಲಾಗಿಲ್ಲ, ಅಂದೂ ಇದೇ ಇತ್ತು. ಇನ್ನೂ ನೋಡಬೇಕೆಂದು ಒಬ್ಬರು ಹೇಳಿದರೂ ನಾನು ನೋಡಲಿಲ್ಲ. ಗಂಗರತ್ನಮ್ಮ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು — ನಾನು ಒಬ್ಬಳಾಗಿ ಕಾಣಲೆಂದು.

"ಯಾರು ಹೇಳಿದ್ದು?"

ದೊರೆಸ್ವಾಮಿಯವರ ಹೆಸರು ಹೇಳಿದೆ.

"ಅವ್ರನ್ನ ಕಳ್ಸಿ. ಶುಕ್ರವಾರ ತೆಗೆಯೋದನ್ನ ಅವ್ರೇ ನೋಡ್ಲಿ."

ಕೆಳಗಿಳಿದು ಬಂದು ದೊರೆಸ್ವಾಮಿಯವರಿಗೆ ತಿಳಿಸಿದೆ. ಅವರು ಕೈ ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು ಹೊರಟರು. ನಾನೂ ಮೆಟ್ಟಿಲಿನವರೆಗೆ ಹೋಗಿ, ಶುಕ್ರವಾರದ ಬ್ಲಾಕನ್ನು ಎಷ್ಟು ಆಳಕ್ಕೆ ಕೊಯ್ಯಬೇಕೆಂದು ನೀವೇ ಹೇಳಿ ಎಂದೆ.