ಬಾವಿಗಿಳಿದವಳ ಹೂಂ

೯ ಜೂನ್ ೨೦೦೯, ಔರಾದ

ಬೆಳಿಗ್ಗೆ ಪ್ರ್ಯಾಕ್ಟೀಸ್. ಬಾರ್ ಮೇಲೆ ಮತ್ತೆ ಕೈ ತಪ್ಪಿತು. ವೈಜಿನಾಥ ಸರ್ ಬಯ್ಯಲಿಲ್ಲ. ಅದೇ ಹೆದರಿಕೆ. ಬಯ್ಯುವ ಮಾಸ್ತರು ಸುಮ್ಮನಾದರೆ ಏನೋ ಕಾದಿದೆ ಅಂತಲೇ ಅರ್ಥ.

ಹಗ್ಗ ಮಾತ್ರ ಚೆನ್ನಾಗಿ ಏರಿದೆ. ಕಾಲು ಮುಂದೆ ಚಾಚಿ, ಬೆರಳು ಚೂಪು ಮಾಡಿ, ಬರೀ ಕೈಯಲ್ಲಿ. ಕಾಲು ತಾಗಿಸಿದರೆ ಅದು ಜಿಮ್ನಾಸ್ಟಿಕ್ ಅಲ್ಲ, ಪೇರಲಹಣ್ಣು ಕದಿಯುವವರ ಕೆಲಸ ಅಂತಾರೆ ಸರ್. ನಾನಂತೂ ಎಂದೂ ತಾಗಿಸಿಲ್ಲ.

೨೦ ಜೂನ್

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಾರ್‌ನಿಂದ ಬಿದ್ದೆ. ಬಲಭುಜದ ಕೀಲು ತಪ್ಪಿತು.

ಸರ್ ಹಾಸ್ಟೆಲಿಗೆ ಬಂದಿದ್ದರು. ಎಂಟು ವರ್ಷದವಳಿದ್ದಾಗ ನಮ್ಮೂರು ಮೆಹಕರದಲ್ಲಿ ಕುರಿಗಳ ಹಿಂದೆ ಕಾಲು ಮೇಲೆತ್ತಿ ಕೈಮೇಲೆ ನಡೆಯುತ್ತಿದ್ದ ನನ್ನನ್ನು ನೋಡಿ ಈ ಶಾಲೆಗೆ ಕರೆತಂದವರು ಅವರೇ. ಮಂಚದ ತುದಿಯಲ್ಲಿ ಕೂತರು.

"ನೀ ಭಾಳ ಎತ್ತರ ಆದಿ ಕೇಶರಾ. ಇನ್ನ ಈ ಆಟ ನಿನ್ನ ಹೊತ್ಕೊಳ್ಳಂಗಿಲ್ಲವಾ."

ಎತ್ತರ ಆದದ್ದು ನನ್ನ ತಪ್ಪೇ? ಅಳು ಬಂತು. ನಾಳೆ ಊರಿಗೆ. ಪ್ರ್ಯಾಕ್ಟೀಸ್ ಬರೆದಿಡು ಅಂತ ಅವರೇ ಕೊಟ್ಟ ಪುಸ್ತಕ ಇದು. ಇನ್ನೇನು ಬರೆಯಲಿ...

೬ ಡಿಸೆಂಬರ್ ೨೦೧೫, ಬೀದರ

ಅದೇ ಪುಸ್ತಕ. ಹಾಳೆ ಉಳಿದಿದ್ದವು, ದಂಡ ಯಾಕೆ?

ಜಹೀರೋದ್ದೀನ ಭಾಯಿಯ ಜಿಮ್ಮಿನಲ್ಲಿ ಲೇಡೀಸ್ ಬ್ಯಾಚಿಗೆ ಕಲಿಸುವ ಕೆಲಸ ನನ್ನದು. ಒಂದು ವರ್ಷವಾಯಿತು. ಬ್ಯಾಚ್ ಮುಗಿದ ಮೇಲೆ ನಾನೊಬ್ಬಳೇ ಏನಾದರೂ ಮಾಡುತ್ತಿರುತ್ತೇನೆ. ಕೈಮೇಲೆ ನಿಲ್ಲುವುದು, ಪುಲ್-ಅಪ್. ಭಾಯಿ ದಿನಾ ನೋಡಿ ಇವತ್ತು ಬಾಯಿ ಬಿಟ್ಟರು.

"ಹೈದರಾಬಾದನಾಗ ಮೇ ತಿಂಗಳಾಗ ಫಿಟ್ನೆಸ್ ಕಾಂಪಿಟಿಷನ್ ಅದ. ಓಡೂದು, ಎತ್ತೂದು, ಜಿಗಿಯೂದು, ಹಗ್ಗ ಏರೂದು, ಎಲ್ಲಾ. ಹೋಗ್ತೀ ಏನ?"

"ಎತ್ತರ ಇದ್ದವರಿಗಿ ನಡೀತದೇನ್ರಿ ಭಾಯಿ?"

"ಅರೇ, ಎತ್ತರ ಇದ್ರ ಛಲೋನೇ ಅದ!"

ರೂಮಿಗೆ ಬಂದು ಕನ್ನಡಿ ಮುಂದೆ ಬಹಳ ಹೊತ್ತು ನಿಂತೆ. ಹುಚ್ಚಿಯ ಹಾಗೆ ನಕ್ಕೆ.

೨೦ ಡಿಸೆಂಬರ್

ಬಾಕ್ಸ್ ಜಂಪ್. ಪೆಟ್ಟಿಗೆಯ ಮೇಲೆ ಜಿಗಿದು ಸೊಂಟ ನೆಟ್ಟಗೆ ಮಾಡಿ ನಿಲ್ಲಬೇಕು. ನಾನು ಇಳಿದ ಕೂಡಲೇ ಮೊಣಕಾಲು ಬಗ್ಗಿಸಿ ಎರಡೂ ಕೈ ಮೇಲೆತ್ತುತ್ತೇನೆ. ಜಿಮ್ನಾಸ್ಟಿಕ್‌ನ ಏಳು ವರ್ಷದ ಚಟ, ಹೋಗುವುದಿಲ್ಲ.

"ನೋ ರೆಪ್! ಲೆಕ್ಕಕ್ಕಿಲ್ಲ! ಯಾರಿಗಿ ಸಲಾಂ ಮಾಡ್ತೀ ನೀ? ಇಲ್ಲಿ ಯಾವ ನವಾಬ ಕುಂತಾನ?" ಅಂದರು ಭಾಯಿ.

ಬ್ಯಾಚಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹಗ್ಗದ ವಿಷಯಕ್ಕೂ ಜಗಳ. ಕಾಲು ಸುತ್ತಿಕೊಂಡು ಏರು, ಕೈ ಉಳೀತದ ಅಂತಾರೆ. ನನ್ನ ಕೈಗೇನಾಗಿದೆ? ಆಗುವುದಿಲ್ಲ ಅಂದೆ.

೩೧ ಜನವರಿ ೨೦೧೬, ಮೆಹಕರ

ರಜೆಗೆ ಬಂದೆ. ಊರು ಗುರುತೇ ಹತ್ತುವುದಿಲ್ಲ. ಅರ್ಧ ಮನೆಗಳ ಬಾಗಿಲಿಗೆ ಜಾಲಿಮುಳ್ಳಿನ ಕಂಟಿ ಇಟ್ಟು ದುಡಿಯಲು ಹೋಗಿದ್ದಾರೆ, ಹೈದರಾಬಾದಿಗೆ, ಪುಣೆಗೆ. ಅಪ್ಪ ಕುರಿ ಹೊಡೆದುಕೊಂಡು ಮಾಂಜ್ರಾ ನದಿಯ ದಂಡೆ ಹಿಡಿದು ಹೋದವರು ಮಳೆಗಾಲಕ್ಕೇ ಬರುವುದು. ಮನೆಯಲ್ಲಿ ಅವ್ವ ಒಬ್ಬಳೇ.

ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿಲ್ಲ. ತಳದಲ್ಲಿ ಒಂದು ಕಡೆ ಜಿನುಗುತ್ತದೆ. ಯಾರಾದರೂ ಇಳಿದು ಚರಿಗೆಯಿಂದ ಗೋರಿ ತುಂಬಬೇಕು. ದಿನಾ ಇಳಿಯುತ್ತಿದ್ದ ಹುಡುಗಿ ಗಂಡನ ಜೊತೆ ಪುಣೆಗೆ ಹೋದಳಂತೆ. ನಾನು ಇಳೀತೇನಿ ಅಂದೆ. ಸೊಂಟಕ್ಕೊಂದು ಹಗ್ಗ, ಅದರ ತುದಿ ಮೇಲಿನವರ ಕೈಯಲ್ಲಿ. ಕಲ್ಲುಕಂಬಕ್ಕೆ ಕಟ್ಟಿದ ಇನ್ನೊಂದು ಹಗ್ಗ, ಅದನ್ನು ಹಿಡಿದು ಇಳಿಯುವುದು, ಏರುವುದು.

ನಮ್ಮಲ್ಲಿ ಒಂದು ರೂಢಿ. ಇಳಿದವಳಿಗೆ ಮೇಲಿನಿಂದ ಒಬ್ಬರು ಕಥೆ ಹೇಳುತ್ತಿರಬೇಕು, ಕೆಳಗಿನವಳು ಮಾತು ಮಾತಿಗೆ ಹೂಂ ಅನ್ನಬೇಕು. ತಳದಲ್ಲಿ ಕೆಟ್ಟ ಗಾಳಿ ಇದ್ದರೆ ಉಸಿರು ಕಟ್ಟುತ್ತದೆ, ಕೂಗಲೂ ಆಗುವುದಿಲ್ಲ. ಹೂಂ ನಿಂತರೆ ಮೇಲಿನವರು ಏನನ್ನೂ ಕೇಳುವುದಿಲ್ಲ, ಎಳೆದುಬಿಡುತ್ತಾರೆ.

ಅವ್ವನ ಕಥೆ ಬೀದರ ಕೋಟೆ ನೋಡಲು ಹೊರಟ ಕುಂಟ ಟಗರಿನದು. ಟಗರು ಇನ್ನೂ ಭಾಲ್ಕಿಯನ್ನೇ ದಾಟಿಲ್ಲ. ಬಾಜು ಮನೆಯ ಇಮಾಮಬೀ ಖಾಲಾ ತಾನು ಮುಂದುವರಿಸುತ್ತೇನೆ ಅಂದಳು.

"ಬ್ಯಾಡ. ನಿನ್ನ ಕೈಗಿ ಸಿಕ್ಕ್ರ ನನ್ನ ಟಗರು ಬಿರಿಯಾನಿ ಆಗ್ತದ" ಅಂದಳು ಅವ್ವ. ಬಾವಿಯೊಳಗೆ ನಗು ಗುಂಯ್ ಅಂತು.

೧೩ ಮಾರ್ಚ್, ಬೀದರ

ವಾರಕ್ಕೊಮ್ಮೆ ಊರಿಗೆ ಹೋಗುವುದು ರೂಢಿಯಾಗಿದೆ. ನಾನು ಇಳಿದ ದಿನ ಓಣಿಯ ಡ್ರಮ್ಮುಗಳೆಲ್ಲ ತುಂಬುತ್ತವೆ. ನನಗೂ ಅದು ಪ್ರ್ಯಾಕ್ಟೀಸೇ, ಪುಕ್ಕಟೆ.

ಕಾಂಪಿಟಿಷನ್ನಿನ ಕಾಗದ ಬಂತು. ಮೊದಲ ಮೂವರನ್ನು ಒಂದು ವರ್ಷ ಅಲ್ಲೇ ಇಟ್ಟುಕೊಂಡು ಟ್ರೇನಿಂಗ್ ಕೊಡುತ್ತಾರೆ. ಊಟ, ಇರಲು ಜಾಗ. ಆಮೇಲೆ ದೇಶಮಟ್ಟದ ಸ್ಪರ್ಧೆ.

ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಆಗ್ಲಿ. ಆಗಲಿಲ್ಲಂದ್ರ ಜೂನ್‌ದಾಗ ದತ್ತಾತ್ರಿ ಮಾಮಾನ ಗುಂಪಿನ ಕೂಡ ಕಟ್ಟಡ ಕೆಲಸಕ್ಕ ಹೋಗ್ಬೇಕವಾ. ಅವ್ವನ್ನೂ ಕರ್ಕೊಂಡು" ಅಂದರು. ಜಿಮ್ಮಿನ ಪಗಾರ ನನ್ನ ಖರ್ಚಿಗೇ ಸರಿಹೋಗುತ್ತದೆ, ಬೇಡ ಅನ್ನಲು ನನ್ನ ಹತ್ತಿರ ಏನಿದೆ? ಒಂದು ಆಟ ನನ್ನನ್ನು ಬಿಟ್ಟಿತು. ಇದೂ ಬಿಟ್ಟರೆ ಇಟ್ಟಿಗೆ ಹೊರುವುದೇ.

ಭಾಯಿ ಹೇಳಿದ ಹೊಸ ಪಾಠ: ಹಗ್ಗ ಏರುವಾಗ ಬಾಯಿ ಮುಚ್ಚು. ಮೂಗಿನಿಂದ ಉಸಿರು. ಬಾಯಿ ತೆಗೆದರೆ ದಮ್ಮು ಹೋಗುತ್ತದೆ.

೨೪ ಏಪ್ರಿಲ್, ಭಾಲ್ಕಿ, ಬಸ್ ಸ್ಟ್ಯಾಂಡ್

ಮತ್ತೆ ಎಡಗೈ ಬರಹ.

ಕೊಡಗಳೆಲ್ಲ ಮೇಲೆ ಹೋಗಿದ್ದವು. ನಾನು ಏರಲು ಶುರು ಮಾಡಿದೆ. ಭಾಯಿಯ ಪಾಠ ನೆನಪಾಯಿತು. ಬಾಯಿ ಮುಚ್ಚಿದೆ. ಕಣ್ಣೂ ಮುಚ್ಚಿದೆ. ಎಷ್ಟು ಹಗುರ ಅನಿಸಿತು ಅಂದರೆ... ಮೇಲೆ ಅವ್ವ ಟಗರಿನ ಕಥೆ ಹೇಳುತ್ತಿದ್ದಾಳೆ, ನಾನು ಹೂಂ ಅಂದಿಲ್ಲ. ಮರೆತೇ ಹೋಯಿತು!

ಒಮ್ಮೆಲೇ ಸೊಂಟದ ಹಗ್ಗ ಜಗ್ಗಿತು. ಅವ್ವ, ಖಾಲಾ, ಓಣಿಯ ಸಖುಬಾಯಿ ಕಾಕಿ, ಮೂವರೂ ಇದ್ದ ಬಲವೆಲ್ಲ ಹಾಕಿ ಎಳೆದರು. ಗೋಡೆಗೆ ಬಡಿದೆ. ಬಲಗೈ ಹಗ್ಗಕ್ಕೆ ಸಿಕ್ಕಿತ್ತು. ಅದೇ ಭುಜ. ಅದೇ ಸದ್ದು.

ದಂಡೆಯ ಮೇಲೆ ಬಿದ್ದುಕೊಂಡು ಚೀರಿದೆ. "ಯಾಕ ಎಳದಿ? ಯಾಕ? ಮುಗೀತು ನನ್ದು! ಖುಷಿ ಆಯ್ತೇನು?"

ಅವ್ವನ ಮುಖ ಬಿಳಿಚಿಕೊಂಡಿತ್ತು. ಅಂಗೈ ಸುಲಿದಿತ್ತು.

"ಹೂಂ ಅನ್ಲಿಲ್ಲಲ್ಲ ನೀ" ಅಂದಳು. ಅಷ್ಟೇ.

ಇಲ್ಲಿಯ ಡಾಕ್ಟರು ಕೀಲು ಕೂಡಿಸಿದರು. ತಿಂಗಳು ಪೂರ್ತಿ ಕೈ ಎತ್ತಬೇಡ ಅಂದರು. ಸ್ಪರ್ಧೆಗೆ ಮೂರು ವಾರ.

೨ ಮೇ, ಬೀದರ

ಅವ್ವನ ಫೋನ್ ಎತ್ತಿಲ್ಲ. ಎತ್ತಿ ಏನು ಹೇಳಲಿ? ತಪ್ಪು ನನ್ನದು ಅಂತ ಗೊತ್ತು. ಗೊತ್ತಿದ್ದೂ ಸಿಟ್ಟು ಇಳಿಯುತ್ತಿಲ್ಲ. ಹಾಳಾದ ಸಿಟ್ಟು ಇದು, ಅಪ್ಪನದೇ.

೮ ಮೇ

ಭಾಯಿ ಇವತ್ತು ಹಗ್ಗದ ಕೆಳಗೆ ನಿಲ್ಲಿಸಿದರು.

"ಹೆಸರು ತೆಗೆದುಹಾಕ್ಲಾ?"

"ಬ್ಯಾಡ್ರಿ."

"ಹಂಗಿದ್ರ ಪಾಂವ ಲಗಾ, ಕಾಲು ಹಚ್ಚು. ನಿಮ್ಮ ಸರ್ ಇಲ್ಲಿ ನೋಡ್ಲಿಕ್ಕ ಬರಂಗಿಲ್ಲ."

ಹಗ್ಗವನ್ನು ಪಾದಗಳ ನಡುವೆ ಸಿಕ್ಕಿಸಿದೆ. ಕಾಲ ಮೇಲೆ ಎದ್ದು ನಿಂತೆ. ಕಳ್ಳತನ ಮಾಡಿದ ಹಾಗೆ ನಾಚಿಕೆ ಆಯಿತು. ಮೂರು ಹಿಡಿತ ಏರಿ ಇಳಿದೆ. ಭುಜ ಉರಿಯಿತು, ಆದರೆ ನಿಂತಿತು. ಅಷ್ಟು ದಿನ ಹಟ ಮಾಡಿದ್ದಕ್ಕೆ ನನ್ನ ಕೆನ್ನೆಗೇ ಹೊಡೆದುಕೊಳ್ಳಬೇಕು.

೧೩ ಮೇ

ಕೊನೆಗೂ ಅವ್ವನಿಗೆ ನಾನೇ ಫೋನ್ ಮಾಡಿದೆ. ಇಬ್ಬರೂ ಬಾವಿಯ ಮಾತು ಎತ್ತಲಿಲ್ಲ.

"ನೀರಿಗೆ ಏನ್ ಮಾಡ್ತೀರಿ?"

"ಟ್ಯಾಂಕರ್ ಬರ್ಲಿಕ್ಹತ್ತ್ಯಾದ. ದಿನಾ ಬರ್ತದ. ನೀ ಚಿಂತಿ ಮಾಡಬ್ಯಾಡ. ಹೋಗು."

ಸದ್ಯ. ಎದೆ ಹಗುರಾಯಿತು.

೧೫ ಮೇ, ಹೈದರಾಬಾದ, ಬೆಳಿಗ್ಗೆ ೬

ನಿದ್ದೆ ಇಲ್ಲ. ಭಾಯಿ ಭುಜಕ್ಕೆ ಪಟ್ಟಿ ಸುತ್ತಿದರು. ಉಳಿದ ಹುಡುಗಿಯರನ್ನು ನೋಡಿದೆ. ಶೂ ನೋಡಿದರೇ ಗೊತ್ತಾಗುತ್ತದೆ, ನನ್ನ ಹಾಗೆ ಯಾರೂ ಇಲ್ಲ.

೧೦-೨೦

ಓಟ ಪರವಾಗಿಲ್ಲ. ಮರಳ ಚೀಲ ಹೊರುವುದರಲ್ಲಿ ನಾನೇ ಮೊದಲು. ಬಾಕ್ಸ್ ಜಂಪಿನಲ್ಲಿ ಒಂದು ಸಲ ಕೈ ತಾನಾಗಿ ಮೇಲೆದ್ದಿತು. ನೋ ರೆಪ್. ಥೂ!

ಈಗ ಐದನೆಯ ಸ್ಥಾನ. ಉಳಿದದ್ದು ಹಗ್ಗ ಒಂದೇ. ಮೂರು ಸಲ ಏರಿ ಇಳಿಯಬೇಕು. ನನ್ನ ಸರದಿ ಬರಲು ಇನ್ನೂ ಹೊತ್ತಿದೆ. ಅವ್ವನ ಜೊತೆ ಎರಡು ಮಾತಾಡಿದರೆ ಧೈರ್ಯ ಬಂದೀತು.

೧೦-೪೦

ಫೋನ್ ಎತ್ತಿದವಳು ಖಾಲಾ. "ನಿಮ್ಮವ್ವ ಬಾಂವ್ಯಾಗ ಅದಾಳ ಬೇಟಾ."

ಯಾಕೆ? ಟ್ಯಾಂಕರ್?

"ಟ್ಯಾಂಕರ್ ಎಲ್ಲಿದು? ನೀ ಹೋದ್ಮ್ಯಾಲ ಅಕೀನೇ ಇಳೀತಾಳ. ನಿನಗ ಹೇಳಬ್ಯಾಡ ಅಂದಿದ್ಳು. ನಾ ಕಥಿ ಹೇಳ್ಲಿಕ್ಹತ್ತೇನಿ ನೋಡು. ಕೇಳು."

ಫೋನನ್ನು ಬಾವಿಯ ಕಡೆ ಹಿಡಿದಿರಬೇಕು. ಟಗರು ಕೋಟೆಯ ಬಾಗಿಲಿಗೆ ಬಂತು ಅಂದಳು ಖಾಲಾ. ತಳದಿಂದ, ದೂರದಿಂದ, "ಹೂಂ." ಬಾಗಿಲು ಹಾಕಿತ್ತು. "ಹೂಂ." ಆಮೇಲೆ ಖಾಲಾ ಅವ್ವನ ಹೆಸರು ಹಿಡಿದು ಕೂಗಿದಳು: "ಶಾಲೂ, ಕೇಶರಾ ಫೋನ್‌ನಾಗ ಅದಾಳ!"

ಹೂಂ ಬರಲಿಲ್ಲ.

"ಶಾಲೂ?"

ಬರಲಿಲ್ಲ.

"ಯಾ ಅಲ್ಲಾ! ಸಖೂ, ಎಳಿ! ಎಳಿ!" ಕಲ್ಲಿಗೆ ಏನೋ ಬಡಿದ ಸದ್ದು. ಫೋನ್ ಕಟ್.

ಮತ್ತೆ ಹಚ್ಚಿದೆ. ಹತ್ತುತ್ತಿಲ್ಲ. ಮೈಕಿನಲ್ಲಿ ನನ್ನ ಹೆಸರು ಕರೆಯುತ್ತಿದ್ದಾರೆ. ಹತ್ತುತ್ತಿಲ್ಲ. ಅವ್ವಾ—

ಸಂಜೆ ೫

ಬರೆಯದಿದ್ದರೆ ತಲೆ ಒಡೆಯುತ್ತದೆ.

ಹಗ್ಗದ ಕಡೆ ಹೋಗಲಿಲ್ಲ ನಾನು. ಮೂರನೆಯ ಸಲ ಹೆಸರು ಕರೆದರು. ಬ್ಯಾಗ್ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೇಬಿಟ್ಟಿದ್ದೆ. ಭಾಯಿ ಒಂದು ಕಡೆ ಜಡ್ಜುಗಳ ಕೈಕಾಲು ಹಿಡಿದು ಸರದಿ ಹಿಂದೆ ಹಾಕಿಸಿದರು, ಇನ್ನೊಂದು ಕಡೆ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡರು. ನಾನು ಅವರನ್ನೂ ಬಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಆಗ ಫೋನ್ ಬಂತು.

ಅವ್ವನ ದನಿ. ಏದುಸಿರು.

"ಏನೂ ಆಗಿಲ್ಲ ನನಗ. ಮೊಣಕೈ ತರಚ್ಯಾದ, ಅಷ್ಟೇ."

"ಯಾಕ ಹೂಂ ಅನ್ಲಿಲ್ಲ ನೀ?" ಚೀರಿದೆ. ಸುತ್ತಲಿನವರು ತಿರುಗಿ ನೋಡಿದರು.

"ನೀ ಫೋನ್‌ನಾಗ ಅದೀ ಅಂದ್ಳು. ನಿನ್ನ ದನಿ ಕೇಳಸ್ತದೇನಂತ ಸುಮ್ಮ ಕಿವಿಗೊಟ್ಟು ನಿಂತಿದ್ದೆ. ಹೂಂ ಮರ್ತೇ ಹೋಯ್ತು ನೋಡವಾ."

ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವಳ ಮೇಲೆ ಅಂದು ಎಷ್ಟು ಹಾರಾಡಿದ್ದೆ! ಇವತ್ತು ಅವಳ ಒಂದು ಹೂಂ ನಿಂತದ್ದಕ್ಕೆ ನನ್ನ ಜೀವವೇ ಬಾಯಿಗೆ ಬಂದಿತ್ತು. ನನ್ನ ಹೂಂ ನಿಂತ ದಿನ ಆ ದಂಡೆಯ ಮೇಲೆ ಅವಳಿಗೆ ಏನಾಗಿರಬೇಕು? ತಪ್ಪಾಯ್ತವ್ವಾ ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ.

"ಹಗ್ಗ ಏರ್ದೇನು?" ಅಂದಳು.

"ಇಲ್ಲ."

"ಮತ್ತ ನಾ ಯಾಕ ಇಳದೆ? ಏರು ಹೋಗು!"

ಏರಿದೆ. ಕಾಲು ಸುತ್ತಿಯೇ ಏರಿದೆ. ನಾಚಿಕೆ ಗೀಚಿಕೆ ಎಲ್ಲ ಬಾವಿಗೆ ಬಿತ್ತು. ಬಾಯಿ ಮುಚ್ಚಲಿಲ್ಲ, ಒಂದೊಂದು ಹಿಡಿತಕ್ಕೂ ಹೂಂ ಅಂದೆ, ಜೋರಾಗಿ. ಜಡ್ಜ್ ನಕ್ಕ. ಭಾಯಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದರಂತೆ. ಮೂರನೆಯ ಸಲ ನಡುದಾರಿಯಲ್ಲಿ ಭುಜ ಬಿಟ್ಟೇಹೋಯಿತು ಅನಿಸಿತು. ಬಲಗೈ ಸುಮ್ಮನೆ ಹಗ್ಗಕ್ಕೆ ತಾಗಿಸಿಕೊಂಡು ಎಡಗೈ ಮತ್ತು ಎರಡು ಕಾಲಿನ ಮೇಲೆ ಏರಿದೆ. ಮೇಲಿನ ಅಡ್ಡಪಟ್ಟಿಗೆ ಕೈ ತಾಗಿತು. ಹೂಂ.

ಬೋರ್ಡ್ ಹಾಕಿದ್ದಾರೆ. ಮೂರನೆಯವಳು ನಾನು. ಭಾಯಿ ಮೂರು ಸಲ ಓದಿ, ಇನ್ನೊಬ್ಬರ ಕೈಲೂ ಓದಿಸಿದರು. ವರ್ಷಪೂರ್ತಿ ಇಲ್ಲಿ. ಆದರೆ ಅವ್ವ ಮತ್ತೆ ಇಳಿಯಬಾರದು. ಅವಳನ್ನು ಇಲ್ಲಿಗೇ ಕರೆಸಿಕೊಳ್ಳುತ್ತೇನೆ. ಹೇಗೆ, ಗೊತ್ತಿಲ್ಲ. ನಾಳೆಯೇ ಇಲ್ಲಿಯ ಟ್ರೇನಿಂಗಿನವರ ಹತ್ತಿರ ಕೇಳಬೇಕು.

ಫೋನ್. ಅವ್ವ.

ಮೂರನೇ ನಂಬರ್ ಅಂತ ಹೇಳಲು ಹೋದೆ. ತಡೆದಳು.

"ಕಡೀದು ಮೊದ್ಲೇ ಹೇಳಬ್ಯಾಡ. ಮುಂಜಾನಿಂದ ಹೇಳ್ಕೋತ ಬಾ. ಕುಂತೇನಿ ನಾ, ಖಾಲಾನೂ ಕುಂತಾಳ."

ಬೆಳಿಗ್ಗೆ ಎದ್ದೆ ಅವ್ವಾ ಅಂದೆ ಅಷ್ಟೇ. ಆ ಕಡೆಯಿಂದ ಹೂಂ ಅಂದಳು. ಅವಳು ಮತ್ತೆ ಹೂಂ ಅಂತಿದ್ದಾಳೆ, ಪೆನ್ನು ಇಟ್ಟು ಎಲ್ಲ ಹೇಳುತ್ತೇನೆ.